ಎರಡು ಗೇಟುಗಳ ಮೈದಾನ

“ಸತ್ತಿದ್ದಾನೆ ಅಂತ ಬರಿ,” ಎಂದಳು ರೋಂಡಾ ಚಿಕ್ಕಮ್ಮ.

“ಸತ್ತಿಲ್ಲವಲ್ಲ ಚಿಕ್ಕಮ್ಮ.”

“ನನ್ನ ಪಾಲಿಗೆ ಸತ್ತಿದ್ದಾನೆ.”

“ಕಾಲೇಜಿನವರು ನಿನ್ನ ಪಾಲು ಕೇಳ್ತಿಲ್ಲ. ಕೋರಾ ಪಾಲಿಗೆ ಇದಾನೋ ಇಲ್ವೋ ಅಂತ ಕೇಳ್ತಿದಾರೆ.”

ಅವಳು ಕೈಚೀಲವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ, ತನ್ನ ಸರದಿಗಾಗಿ ಆಚೆ ಕುಳಿತಿದ್ದ ಗಂಡಸೊಬ್ಬ ಬೆಚ್ಚಿ ತಲೆಯೆತ್ತಿದ.

ಸರೋವರದ ದಂಡೆಯ ಈರಿ ನಗರದ ಸಾರ್ವಜನಿಕ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಮಂಗಳವಾರ ಸಂಜೆಗಳಂದು ನಾನು ಕುಳಿತಿರುತ್ತೇನೆ. ಹಗಲಿನಲ್ಲಿ ನನ್ನ ಉದ್ಯೋಗ ನಗರದ ನೀರು ಶುದ್ಧೀಕರಣ ಘಟಕದ ಪ್ರಯೋಗಾಲಯದಲ್ಲಿ. ಸರೋವರದಿಂದ ಬಂದ ನೀರಿನಲ್ಲಿ ಏನಿದೆ, ಏನಿರಬಾರದು ಎಂಬುದನ್ನು ಪರೀಕ್ಷಿಸುವುದು. ಸಂಜೆ ಬರುವವರು ಮಕ್ಕಳನ್ನು ಕಾಲೇಜಿಗೆ ಕಳುಹಿಸಲು ಹೊರಟ ತಂದೆತಾಯಂದಿರು. ಯಾವ ಅರ್ಜಿಯ ಗಡುವು ಯಾವಾಗ, ಯಾವ ಧನಸಹಾಯ ಯಾರಿಗೆ ಸಿಗುತ್ತದೆ, ಯಾವ ಸಾಲದ ಹತ್ತಿರ ಸುಳಿಯಬಾರದು ಎಂದು ಅವರಿಗೆ ವಿವರಿಸುತ್ತೇನೆ. ಅವರ ಸಿಟ್ಟು ಸಾಮಾನ್ಯವಾಗಿ ಕಾಲೇಜುಗಳ ಮೇಲಿರುತ್ತದೆ. ಆದರೆ ಎದುರಿಗೆ ಕುಳಿತಿರುವವಳು ನಾನಾದ್ದರಿಂದ ಅದನ್ನು ನಾನೇ ಸ್ವೀಕರಿಸಬೇಕಾಗುತ್ತದೆ.

ರೋಂಡಾ ನನ್ನ ತಾಯಿಯ ತಂಗಿ. ಲೈಲ್ ಸೋಬೆಕ್‌ನಿಂದ ಅವಳು ವಿಚ್ಛೇದನ ಪಡೆದು ಏಳು ವರ್ಷಗಳಾಗಿದ್ದವು. ಅವರ ಒಬ್ಬಳೇ ಮಗಳು ಕೋರಾ ಶಾಲೆಯ ಕೊನೆಯ ವರ್ಷದಲ್ಲಿದ್ದಳು. ಆ ಬೇಸಿಗೆಯಲ್ಲಿ ಅವಳು ಪಕ್ಕದ ಒಹಾಯೋ ರಾಜ್ಯದ ಎಲ್ಡ್ರಿಜ್ ಎಂಬ ಸಣ್ಣ ಖಾಸಗಿ ಕಾಲೇಜನ್ನು ನೋಡಿ ಬಂದಿದ್ದಳು. ಅಲ್ಲಿನ ಭೂವಿಜ್ಞಾನ ವಿಭಾಗದ ಶೀತಲ ಕೋಣೆಯಲ್ಲಿ, ಸರೋವರಗಳ ತಳದಿಂದ ಕೊಳವೆ ಇಳಿಸಿ ತೆಗೆದ ಕೆಸರಿನ ಕಂಬಗಳನ್ನು ಸಾಲಾಗಿ ಮಲಗಿಸಿಟ್ಟಿದ್ದರಂತೆ. ಊಟದ ಮೇಜಿನಲ್ಲಿ ಉಪ್ಪು ಬೇಕೆಂಬುದನ್ನೂ ಕೈಸನ್ನೆಯಲ್ಲಿ ಹೇಳುವ ಹುಡುಗಿ, ಹಿಂದಿರುಗುವ ದಾರಿಯುದ್ದಕ್ಕೂ ಆ ಕೆಸರಿನ ಬಗ್ಗೆ ಮಾತನಾಡಿದ್ದಳು. ಕಾರು ನಡೆಸುತ್ತಿದ್ದವಳು ನಾನು.

ಎಲ್ಡ್ರಿಜ್‌ನ ಶುಲ್ಕ, ದಂತವೈದ್ಯರೊಬ್ಬರ ಸ್ವಾಗತಕಟ್ಟೆಯಲ್ಲಿ ರೋಂಡಾ ಚಿಕ್ಕಮ್ಮ ದುಡಿಯುವ ಸಂಬಳಕ್ಕೆ ಎಟುಕುವಂಥದ್ದಲ್ಲ. ಆದರೆ ಸೇರಿಸಿಕೊಂಡ ವಿದ್ಯಾರ್ಥಿಯ ಕುಟುಂಬಕ್ಕೆ ಕೊಡಲಾಗದ ಭಾಗವನ್ನು ಆ ಕಾಲೇಜು ತಾನೇ ಭರಿಸುತ್ತದೆ. ಒಂದೇ ಷರತ್ತು: ತಾಯಿ, ತಂದೆ ಇಬ್ಬರೂ ತಮ್ಮ ಆದಾಯದ ವಿವರ ಸಲ್ಲಿಸಬೇಕು. ವಿಚ್ಛೇದನವಾಗಿದ್ದರೂ ಸಲ್ಲಿಸಬೇಕು. ಒಬ್ಬರು ಸಲ್ಲಿಸದಿದ್ದರೆ ಆ ಸಹಾಯದ ಕಡತವನ್ನು ತೆರೆಯುವುದೇ ಇಲ್ಲ. ತಂದೆಯೋ ತಾಯಿಯೋ ಮಗುವಿನ ಬದುಕಿನಿಂದ ಸಂಪೂರ್ಣ ಕಣ್ಮರೆಯಾಗಿದ್ದರೆ ಮಾತ್ರ ವಿನಾಯಿತಿ. ಅದಕ್ಕೂ ಸಂಬಂಧಿಯಲ್ಲದ ಒಬ್ಬರು, ಸಾಮಾನ್ಯವಾಗಿ ಶಾಲೆಯ ಸಲಹೆಗಾರರು, ಸಾಕ್ಷಿ ನುಡಿಯಬೇಕು.

ಚಿಕ್ಕಮ್ಮನಿಗೆ ಬೇಕಾಗಿದ್ದುದು ಆ ವಿನಾಯಿತಿ.

“ಸತ್ತಿದ್ದಾನೆ ಬೇಡ. ಕಾಣೆಯಾಗಿದ್ದಾನೆ ಅಂತ ಬರಿ. ಏಳು ವರ್ಷದಲ್ಲಿ ಆ ಮನುಷ್ಯ ಒಂದೇ ಒಂದು ಮಾತಾಡಿಲ್ಲ. ಇದು ಸುಳ್ಳಾ?”

“ನಿನ್ನ ಹತ್ರ ಆಡಿಲ್ಲ.”

“ಮತ್ತೆ ನಾನ್ಯಾರು? ಬೀದೀಲಿ ಹೋಗೋಳಾ?”

ಈ ತಪ್ಪನ್ನು ನಾನು ಆ ಮೇಜಿನ ಬಳಿ ಅನೇಕ ಬಾರಿ ಕಂಡಿದ್ದೇನೆ. ಬೇರೆಯಾದ ದಂಪತಿಗಳು, ತಮ್ಮೊಂದಿಗೆ ಮಗುವೂ ವಿಚ್ಛೇದನ ಪಡೆದಿದೆ ಎಂದು ಭಾವಿಸುತ್ತಾರೆ. ಆದರೆ ಚಿಕ್ಕಮ್ಮನ ವಿಷಯದಲ್ಲಿ ಈ ತಪ್ಪನ್ನು ಊರೆಲ್ಲ ನೋಡಬಹುದಾಗಿತ್ತು. ಶುಕ್ರವಾರದ ಶಾಲಾ ಫುಟ್‌ಬಾಲ್ ಪಂದ್ಯಕ್ಕೆ ಬಂದವರೆಲ್ಲ ನೋಡುತ್ತಲೇ ಇದ್ದರು.

ಕೋರಾ ಶಾಲೆಯ ಬ್ಯಾಂಡಿನಲ್ಲಿ ಮರಿಂಬಾ ಬಾರಿಸುತ್ತಿದ್ದಳು. ಮರದ ಪಟ್ಟಿಗಳ ಮೇಲೆ ಕೋಲಿನಿಂದ ನುಡಿಸುವ, ಮಂಚದಷ್ಟು ಉದ್ದದ ಆ ವಾದ್ಯವನ್ನು ಹೊತ್ತು ನಡೆಯಲಾಗದು. ಪಂದ್ಯದ ಮಧ್ಯಂತರದಲ್ಲಿ ಅದನ್ನು ಮೈದಾನದಂಚಿಗೆ ತಳ್ಳಿಕೊಂಡು ಬರುವುದು ತಂದೆಯಂದಿರ ಕೆಲಸ. ಲೈಲ್ ಚಿಕ್ಕಪ್ಪ ನಾಲ್ಕು ವರ್ಷಗಳಿಂದ ಒಂದು ಪಂದ್ಯವನ್ನೂ ತಪ್ಪಿಸದೆ ಮಗಳ ಮರಿಂಬಾ ತಳ್ಳಿದ್ದ. ಅದಕ್ಕೆಂದೇ ತನ್ನ ಗ್ಯಾರೇಜಿನಲ್ಲಿ ದಪ್ಪ ಚಕ್ರಗಳ ಗಾಡಿಯೊಂದನ್ನು ಬೆಸೆದುಕೊಟ್ಟಿದ್ದ. ತಾಯಂದಿರ ಕೆಲಸ, ಬ್ಯಾಂಡಿನ ಮಕ್ಕಳು ಮೈದಾನಕ್ಕಿಳಿಯುವ ಮುನ್ನ ಅವರ ಟೊಪ್ಪಿಗಳಿಗೆ ಗರಿ ಸಿಕ್ಕಿಸುವುದು. ರೋಂಡಾ ಚಿಕ್ಕಮ್ಮ ಬಿಳಿ ಕೈಗವಸು ತೊಟ್ಟು ನಾಲ್ಕು ವರ್ಷ ಗರಿ ಸಿಕ್ಕಿಸಿದ್ದಳು. ಅವಳು ಪಶ್ಚಿಮದ ಗೇಟಿನಲ್ಲಿ, ಅವನು ಪೂರ್ವದ ಗೇಟಿನಲ್ಲಿ. ಹೀಗೆಂದು ಯಾರೂ ಹೇಳಿರಲಿಲ್ಲ. ಮೊದಲ ಪಂದ್ಯದಲ್ಲಿ ನಿಂತ ಜಾಗವೇ ಕರಾರಾಯಿತು.

ಶಾಲೆಯ ಸಲಹೆಗಾರ ಟಾಲಿವರ್ ಅವರಿಗೆ ಚಿಕ್ಕಮ್ಮ ನನ್ನ ಮುಂದೆಯೇ ಫೋನು ಮಾಡಿದಳು. ಅವರ ದನಿ ನನಗೂ ಕೇಳುವಷ್ಟು ದೊಡ್ಡದು.

“ಮೇಡಂ, ಹೋದ ಶುಕ್ರವಾರ ಪಂದ್ಯ ಮುಗಿದ ಮೇಲೆ ನನ್ನ ಕಾರು ಸ್ಟಾರ್ಟ್ ಆಗ್ಲಿಲ್ಲ. ಬ್ಯಾಟರಿಗೆ ಕೇಬಲ್ ಹಾಕಿ ಸ್ಟಾರ್ಟ್ ಮಾಡಿಕೊಟ್ಟೋರು ಯಾರು ಗೊತ್ತಾ? ನೀವು ಕಾಣೆಯಾಗಿದ್ದಾರೆ ಅಂತ ಬರೀರಿ ಅಂತಿದೀರಲ್ಲ, ಅವರು.”

“ಅಂದ್ರೆ ಒಂದು ಬ್ಯಾಟರಿಗೆ ನನ್ನ ಮಗಳನ್ನ ಮಾರಿಬಿಟ್ರಿ.”

“ಮೇಡಂ, ನಾನು—”

“ಮುಂದಿನ ಸಲ ಕಾರು ನಿಂತ್ರೆ ನಡ್ಕೊಂಡು ಹೋಗಿ. ಹೊಟ್ಟೆ ಕರಗುತ್ತೆ.” ಫೋನಿಟ್ಟು ನನ್ನ ಕಡೆ ತಿರುಗಿದಳು. “ನೀನೂ ಅವನ ಕಡೆಯವಳೇ. ನಗ್ತಿದೀಯ.”

ನಾನು ನಗುತ್ತಿರಲಿಲ್ಲ. ಗಡುವಿಗೆ ಉಳಿದಿದ್ದ ಮಂಗಳವಾರಗಳ ಬಗ್ಗೆ ಯೋಚಿಸುತ್ತಿದ್ದೆ, ಅವು ಹೆಚ್ಚಿರಲಿಲ್ಲ.

ಶನಿವಾರ ಬೆಳಿಗ್ಗೆ ನಾನೇ ಲೈಲ್ ಚಿಕ್ಕಪ್ಪನ ಮನೆಗೆ ಹೋದೆ. ಅವನು ಪ್ಲಾಸ್ಟಿಕ್ ಅಚ್ಚುಗಳ ಕಾರ್ಖಾನೆಯೊಂದರಲ್ಲಿ ಕೆಲಸಗಾರ. ರಜೆಯ ದಿನ ಗ್ಯಾರೇಜಿನ ನೆಲದ ಮೇಲೆ ಮಲಗಿ ಮರಿಂಬಾ ಗಾಡಿಯ ಚಕ್ರಕ್ಕೆ ಗ್ರೀಸು ತುಂಬುತ್ತಿದ್ದ. ನನ್ನ ಬೂಟುಗಳನ್ನು ನೋಡಿಯೇ ಗುರುತು ಹಿಡಿದಿರಬೇಕು.

“ಯಾರು ಕಳಿಸಿದ್ದು?”

“ಯಾರೂ ಕಳಿಸಿಲ್ಲ ಚಿಕ್ಕಪ್ಪ.”

“ನಿಮ್ಮ ಮನೆತನದಲ್ಲಿ ಯಾರೂ ಕಳಿಸದೆ ಯಾರೂ ಬರಲ್ಲ. ಆ ಸ್ಪ್ಯಾನರ್ ಕೊಡು. ಅದಲ್ಲ, ಸಣ್ಣದು.”

ನಾನು ವಿಷಯವನ್ನು ಕ್ರಮವಾಗಿ ಹೇಳಿದೆ. ಅವನ ವಿವರಗಳಿಗೆ ಪ್ರತ್ಯೇಕ ಖಾತೆ, ಪ್ರತ್ಯೇಕ ಗುಪ್ತಪದ. ರೋಂಡಾಳಿಗೆ ಅದರ ಒಂದು ಸಾಲೂ ಕಾಣುವುದಿಲ್ಲ. ವಿವರ ಕೊಟ್ಟಮಾತ್ರಕ್ಕೆ ಶುಲ್ಕ ಕಟ್ಟುತ್ತೇನೆಂದು ಮಾತು ಕೊಟ್ಟಂತೆಯೂ ಅಲ್ಲ. ಆದರೆ ವಿವರ ಕೊಡದಿದ್ದರೆ ಕೋರಾಳಿಗೆ ಎಲ್ಡ್ರಿಜ್ ಇಲ್ಲ.

“ರೋಂಡಾ ನೋಡ್ತಾಳೆ,” ಎಂದ.

“ನೋಡಕ್ಕಾಗಲ್ಲ.”

“ನೀನು ನೋಡ್ತೀಯ. ನೀನು ನೋಡಿದ್ರೆ ನಿಮ್ಮಮ್ಮ ನೋಡಿದ ಹಾಗೆ. ನಿಮ್ಮಮ್ಮ ನೋಡಿದ್ರೆ ಭಾನುವಾರ ಪಾದ್ರಿ ಪ್ರಾರ್ಥನೆ ಜೊತೆ ಅದನ್ನೂ ಓದ್ತಾರೆ. ಸೋಮವಾರ ರೋಂಡಾ ವಕೀಲನ ಮುಂದೆ ಕೂತಿರ್ತಾಳೆ.”

“ವಕೀಲರು ಏನು ಮಾಡ್ತಾರೆ? ಮಗಳು ಶಾಲೆ ಮುಗಿಸಿದ ಮೇಲೆ ಕೊಡಿ ಅಂತ ನಮ್ಮ ರಾಜ್ಯದಲ್ಲಿ ಯಾವ ನ್ಯಾಯಾಧೀಶರೂ ಹೇಳಕ್ಕಾಗಲ್ಲ.”

“ಹಾಗಾದ್ರೆ ಕಾಲೇಜಿನವರು ಮಾತ್ರ ಯಾಕೆ ಕೇಳ್ತಾರೆ?” ಅವನು ಗಾಡಿಯ ಅಡಿಯಿಂದ ಜಾರಿಕೊಂಡು ಹೊರಬಂದು ಎದ್ದು ಕುಳಿತ. ಗಡ್ಡಕ್ಕೆ ಗ್ರೀಸು ಮೆತ್ತಿತ್ತು. “ಮನೆ ಅವಳಿಗಾಯ್ತು, ನಾಯಿ ಅವಳಿಗಾಯ್ತು, ಆ ನಾಯಿ ಸತ್ತಾಗ ನನಗೊಂದು ಮಾತು ಹೇಳಿಲ್ಲ. ಈಗ ಮಗಳಿಗೆ ಸೀಟು ಸಿಗುತ್ತೆ, ಅವಳು ಕಾರಿನ ಹಿಂದೆ ಕಾಲೇಜಿನ ಸ್ಟಿಕರ್ ಅಂಟಿಸ್ಕೊಂಡು ಊರೆಲ್ಲ ಮೆರೀತಾಳೆ. ಮೆರೀಲಿ. ಆದ್ರೆ ಮೊದಲು ಬಂದು ಕೇಳ್ಲಿ.”

“ಏನಂತ?”

“ಬಾಯಿಬಿಟ್ಟು. ‘ಲೈಲ್, ದಯವಿಟ್ಟು’ ಅಂತ. ಎರಡು ಪದ. ಅಷ್ಟೂ ಇಂಗ್ಲಿಷ್ ಬರಲ್ವಾ ಅವಳಿಗೆ?”

“ಕೋರಾ ಕೇಳಿದ್ರೆ ಸಾಕಾಗಲ್ವಾ?”

ಅವನು ಸ್ಪ್ಯಾನರನ್ನು ಅಂಗೈಯಲ್ಲಿ ಹೊರಳಿಸಿದ. “ಅವಳೂ ಕೇಳಿಲ್ಲ. ಪ್ರತಿ ಶುಕ್ರವಾರ ಸಿಗ್ತಾಳೆ. ಗಾಡಿ ಎಡಕ್ಕೆ ಎಳೀತಿದೆ ಅಂತಾಳೆ, ಬಲಗಡೆ ಕಂಬಿ ಅದುರ್ತಿದೆ ಅಂತಾಳೆ. ಇದನ್ನ ಮಾತ್ರ ಕೇಳಿಲ್ಲ. ಅವರಮ್ಮನ ಮಗಳು.” ಮತ್ತೆ ಗಾಡಿಯ ಅಡಿಗೆ ಸರಿದ. “ಹೋಗ್ತಾ ಬಾಗಿಲು ಇಳಿಸು. ಚಳಿ.”

ಮರುದಿನ ಚಿಕ್ಕಮ್ಮನ ಅಡುಗೆಮನೆಯಲ್ಲಿ, ಬೆಣ್ಣೆಯಲ್ಲಿ ಎಲೆಕೋಸು ಹುರಿಯುವ ವಾಸನೆಯ ನಡುವೆ, ಈ ಷರತ್ತನ್ನು ತಿಳಿಸಿದೆ. ಅವಳು ಸೌಟನ್ನು ಬಾಣಲೆಯ ಅಂಚಿಗೆ ಬಡಿದಳು.

“ಕೇಳಬೇಕಂತೆ! ನಾನು ಅವನ ವಿಷಯದಲ್ಲಿ ಏನಾದ್ರೂ ಕೇಳೋದಿದ್ರೆ, ಶವಪೆಟ್ಟಿಗೆಗೆ ಎಷ್ಟು ಮೊಳೆ ಹೊಡೆದ್ರಿ, ಇನ್ನೆರಡು ಹೊಡೀಬಹುದಾ ಅಂತ ಕೇಳ್ತೀನಿ.”

ಕೋರಾ ಮೇಜಿನ ಬಳಿ ಕುಳಿತು ನೂಡಲ್ಸಿನ ಹಿಟ್ಟನ್ನು ಚೌಕಾಕಾರವಾಗಿ ಕತ್ತರಿಸುತ್ತಿದ್ದಳು. ತಲೆಯೆತ್ತಲಿಲ್ಲ.

“ಇನ್ನೊಂದು ದಾರಿ ಇದೆ,” ಎಂದಳು ಚಿಕ್ಕಮ್ಮ, ಬೆನ್ನು ನಮ್ಮ ಕಡೆಗಿಟ್ಟುಕೊಂಡೇ. “ಇವಳು ಒಂದು ಹೇಳಿಕೆ ಬರೀಲಿ. ಅಪ್ಪ ಅಂದ್ರೆ ಭಯ ಅಂತ. ಅಂಥದ್ದು ಬರೆದ್ರೆ ಆ ಟಾಲಿವರ್ ಬಾಯಿ ಮುಚ್ಕೊಂಡು ಸಹಿ ಹಾಕ್ತಾನೆ.”

“ಅದು ಸುಳ್ಳು, ಚಿಕ್ಕಮ್ಮ. ಅದರ ಪರಿಣಾಮ—”

“ನಿನ್ನ ಕೇಳಲಿಲ್ಲ.”

ಕೋರಾ ಚಾಕುವನ್ನು ಕೆಳಗಿಟ್ಟಳು. “ನಾನು ಬರೆಯಲ್ಲ.”

“ಹಾಗಾದ್ರೆ ಇಲ್ಲೇ ಬಿದ್ದಿರು. ಸಾಲ ಮಾಡಿ ಊರಿನ ಕಾಲೇಜಿಗೆ ಹೋಗು. ಬೆಳಿಗ್ಗೆ ನನ್ನ ಮುಖ ನೋಡು, ರಾತ್ರಿ ನನ್ನ ಮುಖ ನೋಡು. ನಿನ್ನ ಕೆಸರಿನ ಕಂಬ ಒಹಾಯೋದಲ್ಲಿ ತಣ್ಣಗೆ ಮಲಗಿರುತ್ತೆ.”

“ಕೋರಾ,” ಎಂದೆ ನಾನು, “ನೀನೇ ಅಪ್ಪನ್ನ ಒಂದ್ಸಲ ಕೇಳಿಬಿಡು. ಒಂದೇ ಸಲ.”

ಅವಳು ನನ್ನನ್ನು ನೋಡಿದ ರೀತಿಯಲ್ಲಿ ಸ್ನೇಹವಿರಲಿಲ್ಲ. “ಗ್ವೆನ್, ನೀನು ನಮ್ಮನೆಗೆ ಸಹಾಯ ಮಾಡಕ್ಕೆ ಬರ್ತಿದೀಯಾ, ಇಲ್ಲಾ ಟಪಾಲು ಹಂಚಕ್ಕಾ?”

“ನಾನು ಹೇಳ್ತಿರೋದು—”

“ಯಾಕೆ ಕೇಳಬೇಕು?”

ಹಿಟ್ಟಿನ ಕೈಯಲ್ಲೇ ಎದ್ದು ಹೋದಳು. ಮೇಲಿನ ಕೋಣೆಯ ಬಾಗಿಲು ಬಡಿದುಕೊಂಡಿತು.

“ನೋಡಿದೆಯಾ,” ಎಂದಳು ಚಿಕ್ಕಮ್ಮ, ಒಂದು ಬಗೆಯ ತೃಪ್ತಿಯಿಂದ. “ಅವರಪ್ಪನ ಮಗಳು.”

ಅಕ್ಟೋಬರಿನ ಕೊನೆಯ ಶುಕ್ರವಾರ, ಊರಿನ ಮೈದಾನದಲ್ಲಿ ಆ ವರ್ಷದ ಕಡೆಯ ಪಂದ್ಯ. ಅಂದು ಆಟ ಆರಂಭವಾಗುವ ಮುನ್ನ, ಶಾಲೆ ಮುಗಿಸಿ ಹೋಗಲಿರುವ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತಾರೆ. ಮಗು ನಡುವೆ, ಒಂದು ತೋಳಿನಲ್ಲಿ ತಾಯಿ, ಇನ್ನೊಂದರಲ್ಲಿ ತಂದೆ. ಮೂವರೂ ಮೈದಾನದ ನಟ್ಟನಡುವಿನ ಗೆರೆಯವರೆಗೆ ನಡೆಯುತ್ತಾರೆ. ಅಲ್ಲಿ ಮಗು ತಾಯಿಗೆ ಒಂದು ಸೇವಂತಿಗೆ ಹೂ ಕೊಡುತ್ತದೆ. ಧ್ವನಿವರ್ಧಕದಲ್ಲಿ ಮೂವರ ಹೆಸರನ್ನೂ, ಮಗು ಮುಂದೆ ಎಲ್ಲಿ ಏನು ಓದಲಿದೆ ಎಂಬುದನ್ನೂ ಓದುತ್ತಾರೆ. ಓದಬೇಕಾದ ಸಾಲುಗಳನ್ನು ಮಕ್ಕಳು ಆಗಸ್ಟಿನಲ್ಲೇ ಕೊಟ್ಟಿರುತ್ತಾರೆ. ಕೋರಾ ಇಬ್ಬರ ಹೆಸರನ್ನೂ ಕೊಟ್ಟಿದ್ದಳು. ಎಲ್ಡ್ರಿಜ್ ಕಾಲೇಜು ಎಂದೂ ಬರೆದಿದ್ದಳು.

ತಾನು ಬರುವುದಿಲ್ಲವೆಂದು ಇಬ್ಬರಲ್ಲಿ ಯಾರೂ ಹೇಳಲಿಲ್ಲ. ಬಾರದಿದ್ದರೆ ಇನ್ನೊಬ್ಬರಿಗೆ ಮೈದಾನ ಬಿಟ್ಟುಕೊಟ್ಟಂತಾಗುತ್ತಿತ್ತು. ಆದರೆ ಆ ಸಂಜೆ ಎಲ್ಲರೂ ಒಂದೇ ಗೇಟಿನ ಬಳಿ ಸಾಲು ನಿಲ್ಲಬೇಕಾಗಿತ್ತು. ಅದು ಪೂರ್ವದ ಗೇಟು, ಅವನದು. ರೋಂಡಾ ಚಿಕ್ಕಮ್ಮ ಬಿಳಿ ಕೈಗವಸಿನಲ್ಲೇ ಅಲ್ಲಿಗೆ ಬಂದಳು. ಅವನು ಮರಿಂಬಾ ತಳ್ಳುವವರ ಕಪ್ಪು ಅಂಗಿಯಲ್ಲಿ ನಿಂತಿದ್ದ. ನಡುವೆ ಕೋರಾ, ಕೈಯಲ್ಲಿ ಹಳದಿ ಸೇವಂತಿಗೆ. ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. ನಾನು ಬೇಲಿಯ ಈಚೆ, ಅವರ ಉಸಿರಿನ ಹಬೆ ಕಾಣುವಷ್ಟು ಹತ್ತಿರದಲ್ಲಿದ್ದೆ.

ಸಾಲು ಮುಂದೆ ಸರಿಯಿತು. ಲೈಲ್ ಚಿಕ್ಕಪ್ಪ ತೋಳು ಚಾಚಿದ. ಕೋರಾ ಹಿಡಿಯಲಿಲ್ಲ. ಚಿಕ್ಕಮ್ಮ ಅವಳ ಮೊಣಕೈಗೆ ಕೈಹಾಕಿದಳು. ಕೋರಾ ಕೊಸರಿಕೊಂಡಳು.

“ಏನಿದು ನಾಟಕ?” ಎಂದಳು ಚಿಕ್ಕಮ್ಮ, ಹಲ್ಲು ಕಚ್ಚಿ.

“ಅಪ್ಪ ಕಾಣೆಯಾಗಿದ್ದಾನೆ ಅಂತ ನೀನೇ ಬರೆಸ್ತಿದ್ದೆಯಲ್ಲ ಅಮ್ಮ. ಕಾಣೆಯಾದೋನ ತೋಳು ಹೇಗೆ ಹಿಡೀಲಿ?”

ಲೈಲ್ ಚಿಕ್ಕಪ್ಪ ಗಂಟಲಲ್ಲೇ ನಕ್ಕ. “ಹಾಗೆ ಹೇಳು.”

“ನೀನು ನಗಬೇಡ.” ಕೋರಾಳ ದನಿ ಏರಲಿಲ್ಲ. ಬ್ಯಾಂಡಿನಲ್ಲಿ ಎಣಿಕೆ ಒಪ್ಪಿಸುವ ದನಿ ಅದು. “ನಾಲ್ಕು ವರ್ಷ ನನ್ನ ಮರಿಂಬಾ ತಳ್ಳಿದೆ. ಒಂದು ಸಲಾನಾದ್ರೂ ನಾನು ಕೇಳಿದ್ನಾ?”

“ಇಲ್ಲ.”

“ಕೇಳದೇ ಯಾಕೆ ತಳ್ಳಿದೆ?”

ಅವನು ಚಾಚಿದ್ದ ತೋಳನ್ನು ಕೆಳಗಿಳಿಸಿದ.

“ಅದಕ್ಕೇ ಕೇಳಲ್ಲ. ಕೇಳಿದ್ಮೇಲೆ ಮಾಡೋ ಅಪ್ಪ ನನಗೆ ಬೇಡ. ಕೇಳಿಸ್ಕೊಂಡೇ ಮಾಡ್ತೀನಿ ಅನ್ನೋದಾದ್ರೆ ಈವತ್ತಿಂದ ಗಾಡೀನೂ ಮುಟ್ಟಬೇಡ.”

ಆ ಕ್ಷಣದಲ್ಲಿ ಧ್ವನಿವರ್ಧಕ ಅವಳ ಹೆಸರನ್ನು ಕರೆಯಿತು. ಕೋರಾ ಒಬ್ಬಳೇ ನಡೆದಳು.

“ಕೋರಾ ಸೋಬೆಕ್, ತಾಯಿ ರೋಂಡಾ ಮತ್ತು ತಂದೆ ಲೈಲ್ ಅವರ ಜೊತೆಯಲ್ಲಿ,” ಎಂದು ಓದುತ್ತಿದ್ದ ದನಿ, ಜೊತೆಯಲ್ಲಿ ಯಾರೂ ಇಲ್ಲದ್ದನ್ನು ಕಂಡು ತಡವರಿಸಿತು. ನಂತರ ಬೇರೆ ಉಪಾಯ ಕಾಣದೆ ಮುಂದುವರಿಯಿತು. “ಎಲ್ಡ್ರಿಜ್ ಕಾಲೇಜಿನಲ್ಲಿ ಭೂವಿಜ್ಞಾನ ಓದಲಿದ್ದಾಳೆ.” ಚಪ್ಪಾಳೆ ಆರಂಭವಾಯಿತು, ಸೊರಗಿತು, ಮತ್ತೆ ಆರಂಭವಾಯಿತು. ಕೋರಾ ಮೈದಾನದ ನಡುವಿನ ಗೆರೆಯನ್ನು ಮುಟ್ಟಿ, ಹೂವನ್ನು ಯಾರಿಗೂ ಕೊಡದೆ, ಆಚೆ ಬದಿಯಿಂದ ಹೊರಟುಹೋದಳು.

ಇಡೀ ಗ್ಯಾಲರಿ ಗೇಟಿನ ಕಡೆ ತಿರುಗಿತು. ಅಲ್ಲಿ ಏಳು ವರ್ಷಗಳಲ್ಲಿ ಮೊದಲ ಬಾರಿಗೆ ಅವರಿಬ್ಬರೂ ಪಕ್ಕಪಕ್ಕದಲ್ಲಿ, ಮಗಳೊಬ್ಬಳು ನಿಲ್ಲುವಷ್ಟು ಮಾತ್ರ ಅಂತರದಲ್ಲಿ, ನಿಂತಿದ್ದರು.

“ತುಂಬು ಆ ಅರ್ಜೀನ,” ಎಂದಳು ರೋಂಡಾ ಚಿಕ್ಕಮ್ಮ, ಎದುರಿಗೆ ನೋಡುತ್ತಾ.

“ಕೇಳ್ತಿದೀಯಾ?”

“ಹೇಳ್ತಿದೀನಿ.”

“ಕೇಳೋದು ಬೇರೆ, ಹೇಳೋದು ಬೇರೆ.”

“ನಿನಗೆ ಬೇರೆ. ನನಗೆ ಎರಡೂ ಒಂದೇ ದಂಡ.”

“ಊರೆಲ್ಲ ನೋಡ್ತಿದೆ, ರೋಂಡಾ. ಸ್ವಲ್ಪ ನಗು.”

“ನೀನು ಸಾಯಿ, ಆಮೇಲೆ ನಗ್ತೀನಿ.”

ಅವಳು ತಿರುಗಿ ಬೇಲಿಯ ಸುತ್ತ ನಡೆದು ಪಶ್ಚಿಮದ ಗೇಟಿಗೆ ಹೋದಳು. ಬ್ಯಾಂಡು ಸಾಲುಗಟ್ಟುವ ಹೊತ್ತಿಗೆ ಅವಳ ಕೈಗಳು ಎಂದಿನಂತೆ ಗರಿ ಸಿಕ್ಕಿಸುತ್ತಿದ್ದವು. ಎಂದಿಗಿಂತ ಒರಟಾಗಿ, ಒಬ್ಬ ಹುಡುಗನ ಟೊಪ್ಪಿ ಕಣ್ಣಿನವರೆಗೆ ಇಳಿಯುವಂತೆ.

ಮಧ್ಯಂತರದಲ್ಲಿ ಲೈಲ್ ಚಿಕ್ಕಪ್ಪ ಗಾಡಿಯ ಬಳಿ ಬಂದಾಗ ಅದು ಅಲ್ಲಿರಲಿಲ್ಲ. ಡ್ರಮ್ ಬಾರಿಸುವ ಹುಡುಗನೊಬ್ಬನ ತಂದೆಯ ಜೊತೆ ಕೋರಾ ತಾನೇ ಅದನ್ನು ತಳ್ಳಿಕೊಂಡು ಹೋಗಿದ್ದಳು. ಮೈದಾನದ ಸುತ್ತಲಿನ ಓಟದ ಪಥದ ಅಂಚಿನಲ್ಲಿ ಚಕ್ರ ಸಿಕ್ಕಿಕೊಂಡಿತು. ಅಲ್ಲಿ ಗಾಡಿಯ ಮೂತಿಯನ್ನು ಎಷ್ಟು ಎತ್ತಬೇಕೆಂಬುದು ಲೈಲ್‌ಗೆ ಮಾತ್ರ ಗೊತ್ತಿತ್ತು. ಅವನು ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟ. ಇನ್ನೊಬ್ಬನ ಅಪ್ಪ ಗಾಡಿಯನ್ನು ಕುಲುಕಿಸಿ, ಎಳೆದಾಡಿ, ಹೇಗೋ ದಾಟಿಸಿದ. ಕೋರಾ ನುಡಿಸಿದಳು. ಆ ಹೊತ್ತಿನುದ್ದಕ್ಕೂ ಲೈಲ್ ಚಿಕ್ಕಪ್ಪ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನಂತೆ, ಒಮ್ಮೆ ಜೇಬಿನಲ್ಲಿ, ಒಮ್ಮೆ ಕಂಕುಳಲ್ಲಿ ಇಡುತ್ತಿದ್ದ.

ಮಂಗಳವಾರ ನಾನು ದೀಪ ಹಾಕುವ ಮೊದಲೇ ಅವನು ನೆಲಮಾಳಿಗೆಯ ಮೆಟ್ಟಿಲ ಮೇಲೆ ಕುಳಿತಿದ್ದ. ಕಾರ್ಖಾನೆಯ ಬಟ್ಟೆಯಲ್ಲೇ ಬಂದಿದ್ದ.

“ಕಂಪ್ಯೂಟರ್ ತೆಗಿ. ನೀನು ಗೋಡೆ ಕಡೆ ತಿರುಗು.”

“ಚಿಕ್ಕಪ್ಪ, ನಾನು ನೋಡಲ್ಲ ಅಂತ—”

“ತಿರುಗು ಅಂದೆ.”

ನಾನು ಕುರ್ಚಿಯನ್ನು ತಿರುಗಿಸಿ ಗೋಡೆಗೆ ಮುಖಮಾಡಿ ಕುಳಿತೆ. ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಹೊರಗೆ ಓಡಬೇಕೆಂಬ ಸೂಚನೆ ಎದುರಿಗಿತ್ತು, ಅದನ್ನೇ ಓದಿದೆ. ಹಿಂದೆ ಎರಡು ಬೆರಳುಗಳು ಒಂದೊಂದೇ ಕೀಲಿಯನ್ನು ಶತ್ರುವಿನ ಕಣ್ಣು ತಿವಿಯುವಂತೆ ಒತ್ತುತ್ತಿದ್ದವು. ಆಗಾಗ ಅವನು ಪ್ರಶ್ನೆ ಕೇಳುತ್ತಿದ್ದ, ಅಂಕಿಯನ್ನು ನುಂಗಿಕೊಂಡು. “ಶನಿವಾರ ಟ್ರೈಲರ್ ಬೆಸೆದುಕೊಡ್ತೀನಲ್ಲ, ಅದೂ ಬರುತ್ತಾ?” “ಬರುತ್ತೆ.” “ಕಳ್ಳರು.” ಕೀಲಿ. “ದೋಣಿ ಇದೆಯಾ ಅಂತ ಕೇಳ್ತಿದಾರೆ. ಮುಳುಗಿರೋ ದೋಣಿ?” “ನಿಮ್ಮ ಹೆಸರಲ್ಲಿದ್ರೆ ಹಾಕಿ.” “ಅದಕ್ಕಿಂತ ನನ್ನೇ ಮುಳುಗಿಸಿ.” ಕೀಲಿ.

ನಂತರ ಕೀಲಿಗಳ ಸದ್ದು ನಿಂತಿತು.

“ಏನಾಯ್ತು ಚಿಕ್ಕಪ್ಪ?”

“ಮಗಳ ಓದಿಗೆ ನೀವು ಎಷ್ಟು ಕೊಡಲು ಸಿದ್ಧರಿದ್ದೀರಿ ಅಂತ ಕೇಳ್ತಿದೆ.” ಅವನು ಮೂಗಿನಿಂದ ನಕ್ಕ. “ಕೊನೆಗೂ ಒಬ್ಬರು ಕೇಳಿದ್ರು ನೋಡು. ಅದೂ ಯಂತ್ರ.”

“ಏನು ಬೇಕಾದ್ರೂ ಬರೀಬಹುದು. ಸೊನ್ನೆ ಬರೆದ್ರೂ ಕಡತ ತೆರೀತಾರೆ.”

“ನಿನ್ನ ಕೇಳಲಿಲ್ಲ,” ಎಂದ. ಅದೇ ಮಾತನ್ನು, ಅದೇ ಧಾಟಿಯಲ್ಲಿ, ನಾನು ಎರಡು ವಾರಗಳ ಹಿಂದೆ ಬೇರೊಂದು ಬಾಯಿಯಲ್ಲಿ ಕೇಳಿದ್ದೆ.

ಅವನು ಕೀಲಿ ಒತ್ತುತ್ತಿರುವಾಗಲೇ ಮೆಟ್ಟಿಲ ಮೇಲೆ ಹಿಮ್ಮಡಿಗಳ ಸದ್ದಾಯಿತು. ಮಂಗಳವಾರ ಅವಳ ದಿನವೂ ಹೌದು.

“ಗ್ವೆನ್, ನನ್ನ ಕುರ್ಚೀಲಿ ಯಾರದು?” ಎಂದಳು ರೋಂಡಾ ಚಿಕ್ಕಮ್ಮ.

“ಗ್ವೆನ್, ಕುರ್ಚಿ ಗ್ರಂಥಾಲಯದ್ದು ಅಂತ ಹೇಳು,” ಎಂದ ಲೈಲ್ ಚಿಕ್ಕಪ್ಪ.

“ಗ್ವೆನ್, ಮುಗೀತಾ ಅಂತ ಕೇಳು.”

“ಕೇಳ್ತಿದಾಳಾ ಅಂತ ಕೇಳು, ಗ್ವೆನ್.”

ನಾನು ಗೋಡೆಗೆ ಮುಖಮಾಡಿಯೇ ಇದ್ದೆ. ಆ ಕೋಣೆಯಲ್ಲಿ ಆಗ ಅದಕ್ಕಿಂತ ಒಳ್ಳೆಯ ಸ್ಥಳವಿರಲಿಲ್ಲ. ಚಿಕ್ಕಮ್ಮನ ಹಿಮ್ಮಡಿ ನೆಲದ ಮೇಲೆ ಒಂದೆರಡು ಬಾರಿ ತಟ್ಟಿತು. ಅವನು ಕಾಯುತ್ತಿದ್ದ, ಅದು ಬೆನ್ನಿಗೂ ತಿಳಿಯುವಂತಿತ್ತು. ಕೊನೆಗೆ ಒಂದು ಕೀಲಿಯ ಸದ್ದು. ಕುರ್ಚಿ ಹಿಂದಕ್ಕೆ ಸರಿಯಿತು.

“ಕಳಿಸಿದೆ,” ಎಂದ. “ಅವಳು ಕೇಳಲಿಲ್ಲ ಅಂತ ಎಲ್ಲಾದ್ರೂ ಬರೆದಿಡು.”

“ಕೊಡೋ ಮುಖ ನೋಡು,” ಎಂದಳು ಅವಳು, ಅವನು ಮೆಟ್ಟಿಲು ಹತ್ತಿ ಕಣ್ಮರೆಯಾದ ಮೇಲೆ. ಬಳಿಕ ಅವನು ಬಿಟ್ಟುಹೋದ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕುಳಿತಳು.

ಡಿಸೆಂಬರಿನಲ್ಲಿ ಎಲ್ಡ್ರಿಜ್ ಕೋರಾಳನ್ನು ಸೇರಿಸಿಕೊಂಡಿತು. ಶುಲ್ಕದ ಬಹುಭಾಗವನ್ನು ಕಾಲೇಜೇ ಭರಿಸಿತು. ಉಳಿದುದರಲ್ಲಿ ಲೈಲ್‌ನ ಪಾಲು ನೇರವಾಗಿ ಕಾಲೇಜಿಗೆ ಹೋಗುತ್ತದೆ. ಒಂದು ಪೈಸೆಯೂ ರೋಂಡಾಳ ಕೈದಾಟಿ ಹೋಗಬಾರದೆಂಬುದು ಅವನ ಹಟ, ಅವನ ಪೈಸೆಯನ್ನು ತಾನು ಮುಟ್ಟುವುದಿಲ್ಲವೆಂಬುದು ಅವಳ ಹಟ. ಆ ಒಂದು ವಿಷಯದಲ್ಲಿ ಇಬ್ಬರಿಗೂ ಪೂರ್ಣ ಸಹಮತವಿತ್ತು. ಆಗಸ್ಟಿನಲ್ಲಿ ಮಗಳನ್ನು ಕಾಲೇಜಿಗೆ ಯಾರು ಬಿಡಬೇಕೆಂಬ ಜಗಳ ಜೂನಿನಲ್ಲೇ ಆರಂಭವಾದಾಗ, ಕೋರಾ ಎರಡು ಪೆಟ್ಟಿಗೆಗಳನ್ನು ನನ್ನ ಕಾರಿಗೆ ತುಂಬಿದಳು. ದಾರಿಯಲ್ಲಿ ಅವಳು ನನಗೆ ಧನ್ಯವಾದ ಹೇಳಲಿಲ್ಲ. ನಾನೂ ನಿರೀಕ್ಷಿಸಲಿಲ್ಲ, ಅವಳ ನಿಯಮ ನನಗೆ ತಿಳಿದಿತ್ತು. ಅವಳೂ ನನ್ನನ್ನು ಕೇಳಿರಲಿಲ್ಲ, ಪೆಟ್ಟಿಗೆಗಳನ್ನು ಇಟ್ಟಿದ್ದಳಷ್ಟೆ.

ಸೆಪ್ಟೆಂಬರಿನ ಮೊದಲ ಪಂದ್ಯಕ್ಕೆ ನಾನು ಹೋಗಿದ್ದು ಬೇರೊಂದು ಕುಟುಂಬದ ಕರೆಯ ಮೇರೆಗೆ. ಮಧ್ಯಂತರದಲ್ಲಿ ಬ್ಯಾಂಡು ಸಾಲುಗಟ್ಟಿತು. ಪಶ್ಚಿಮದ ಗೇಟಿನಲ್ಲಿ ಬಿಳಿ ಕೈಗವಸುಗಳು ಒಂದೊಂದೇ ಟೊಪ್ಪಿಗೆ ಗರಿ ಸಿಕ್ಕಿಸುತ್ತಿದ್ದವು. ಪೂರ್ವದ ಗೇಟಿನಲ್ಲಿ ಕಪ್ಪು ಅಂಗಿಯ ಮನುಷ್ಯನೊಬ್ಬ, ಯಾರದೋ ಹದಿನಾಲ್ಕರ ಹುಡುಗಿಯ ಹಿಂದೆ, ದಪ್ಪ ಚಕ್ರಗಳ ಗಾಡಿಯ ಮೂತಿಯನ್ನು ಎತ್ತಬೇಕಾದಷ್ಟೇ ಎತ್ತಿ, ಪಥವನ್ನು ದಾಟಿಸಿ, ಮೈದಾನದಂಚಿಗೆ ತಳ್ಳುತ್ತಿದ್ದ. ಬ್ಯಾಂಡಿನಲ್ಲಿ ಅವರ ಮಗುವಿರಲಿಲ್ಲ. ಮೊದಲು ಬಿಟ್ಟುಹೋದವರು ಸೋತಂತೆ.

ಕೋರಾಳಿಗೆ ಫೋನು ಮಾಡಿದೆ. ಹಿನ್ನೆಲೆಯಲ್ಲಿ ಯಾವುದೋ ಶೀತಲ ಯಂತ್ರದ ಗುಯ್‌ಗುಡುವಿಕೆಯಿತ್ತು.

“ಇದಾರಾ?” ಎಂದಳು.

“ಇಬ್ಬರೂ.”

“ಗೇಟು?”

“ಅವೇ.”

ನನ್ನ ಈ ಬದಿಯಲ್ಲಿ ಬ್ಯಾಂಡು ಆರಂಭವಾಯಿತು. ಮರಿಂಬಾದ ಹೊಸ ಹುಡುಗಿ ಮೊದಲ ಸಾಲಿನಲ್ಲೇ ತಪ್ಪಿದಳು.

“ಹಾಗಾದ್ರೆ ನವೆಂಬರಿನ ಹಬ್ಬದೂಟಕ್ಕೆ ನಾನು ಊರಿಗೆ ಬರಲ್ಲ,” ಎಂದಳು ಕೋರಾ. “ಅವರು ಕೇಳಿದ್ರೆ ಹೇಳು. ಕೇಳದಿದ್ರೆ ಹೇಳಬೇಡ.”